ಸೊಳ್ಳೆ ಸರ್ವೆಯ 38 ಕಾಲಂನಲ್ಲಿ ಯಾವುದನ್ನು ಉಳಿಸಬೇಕು? ಶಿಲೀಂಧ್ರನಾಶಕ ಪ್ರಾಜೆಕ್ಟಿನ ಪ್ರೋಗ್ರಾಂ ಇಲ್ಲಿಗೂ ಹೊಂದುತ್ತದಾ?

ತದಡಿ ತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಎರಡು ಪ್ರಾಜೆಕ್ಟ್ ಜೊತೆಗೇ ನಡೆಯುತ್ತಿವೆ. ಒಂದು, ಕ್ಯಾಂಡಿಡಾ ಶಿಲೀಂಧ್ರದ ಮೇಲೆ ಪರೀಕ್ಷೆಯಾದ ರಾಸಾಯನಿಕಗಳದ್ದು. ಪ್ರತಿ ಅಣುವಿಗೆ ಮಾರ್ಡ್ರೆಡ್ ಎಂಬ ತಂತ್ರಾಂಶ ಬಳಸಿ 1800ಕ್ಕೂ ಹೆಚ್ಚು ಡಿಸ್ಕ್ರಿಪ್ಟರ್ (ಅಣುವಿನ ಗುಣ ಹೇಳುವ ಅಂಕಿ) ಲೆಕ್ಕ ಹಾಕಿ, ಅದರಲ್ಲಿ ಉಪಯೋಗಕ್ಕೆ ಬರುವ 25ನ್ನು ಆರಿಸಿ, ಆಮೇಲೆ ರ‍್ಯಾಂಡಮ್ ಫಾರೆಸ್ಟ್ ಎಂಬ, ಯಾವ ಅಣು ಕೆಲಸ ಮಾಡುತ್ತದೆ ಎಂದು ಊಹಿಸುವ ಮಾಡೆಲ್ ಓಡಿಸಿದ್ದಾರೆ. ಅಂಕ ಬಹಳ ಚೆನ್ನಾಗಿ ಬಂದಿದೆ.

ಇನ್ನೊಂದು, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಲಾರ್ವಾ (ನೀರಿನಲ್ಲಿರುವ ಮರಿ) ಸರ್ವೆ. ಶಿರಸಿ ಕಡೆಯ ಅಡಕೆ ತೋಟದ ಮನೆಗಳು, ಕುಮಟಾದ ಗಜನಿ (ಉಪ್ಪು ನೀರು ನುಗ್ಗುವ ಗದ್ದೆ ಬಯಲು) ಅಂಚಿನ ಊರುಗಳು, ಕಾರವಾರದ ಬಂದರು ಪಕ್ಕದ ವಸತಿ, ಹೀಗೆ ಮೂರು ಕಡೆ. ಒಂದು ಮನೆಗೆ 38 ಕಾಲಂ ಇದೆ. ಡ್ರಮ್ಮು, ಟೈರು, ಮುಚ್ಚಳ, ನೆರಳು, ನಲ್ಲಿ ನೀರು ಬರುವ ದಿನ, ಜನಸಂಖ್ಯೆ, ಮಳೆ, ಔಷಧ ಹಾಕಿದ್ದಾರಾ ಇಲ್ಲವಾ, ಎಲ್ಲವೂ ಉಂಟು. ಮೊದಲ ಗುಂಪಿನ ಪ್ರೋಗ್ರಾಂ ಹಾಗೇ ತೆಗೆದುಕೊಂಡು ಈ 38ರಲ್ಲಿ ಮುಖ್ಯವಾದ 8 ಆರಿಸಬಹುದಾ? ತಿಳಿದವರು ಹೇಳಿ.

ಬೈತಖೋಲ ಬಂದರು
ಕಂಪ್ಯೂಟರ್ ಆಮೇಲೆ ಮಾರಾಯ್ರೆ. 38 ಕಾಲಂ ಫಾರ್ಮನ್ನು ಮಳೆಯಲ್ಲಿ ನಿಂತು ಯಾರೂ ನೆಟ್ಟಗೆ ತುಂಬುವುದಿಲ್ಲ. ಮೊದಲ ಹತ್ತು ಮನೆಗೆ ಎಲ್ಲ ತುಂಬುತ್ತಾರೆ, ಆಮೇಲೆ 'ನೆರಳು: ಹೌದು' ಅಂತ ಸಾಲಾಗಿ ಹೌದು ಬರೆಯುತ್ತಾ ಹೋಗುತ್ತಾರೆ. ಅಂಥ ಕಾಲಂ ಮೇಲೆ ಎಂಥ ಲೆಕ್ಕ ಮಾಡಿದರೂ ಬರುವುದು ಬರೆದವನ ಅಭ್ಯಾಸ, ಸೊಳ್ಳೆಯ ಅಭ್ಯಾಸ ಅಲ್ಲ.

ಕನಿಷ್ಠ ಇಷ್ಟು ಸರಿಯಾಗಿ ಬರಲಿ: ನೋಡಿದ ಮನೆ ಎಷ್ಟು, ನೀರಿದ್ದ ಪಾತ್ರೆ ಎಷ್ಟು, ಲಾರ್ವಾ ಇದ್ದ ಪಾತ್ರೆ ಯಾವ್ಯಾವುದು, ಪ್ಯೂಪಾ (ಲಾರ್ವಾ ಸೊಳ್ಳೆಯಾಗುವ ಮುಂಚಿನ ಹಂತ) ಎಷ್ಟು. ನೂರು ಮನೆಯಲ್ಲಿ ಲಾರ್ವಾ ಸಿಕ್ಕ ಮನೆಗಳ ಲೆಕ್ಕ ಹೌಸ್ ಇಂಡೆಕ್ಸ್. ನೀರಿದ್ದ ನೂರು ಪಾತ್ರೆಯಲ್ಲಿ ಲಾರ್ವಾ ಇದ್ದದ್ದು ಕಂಟೇನರ್ ಇಂಡೆಕ್ಸ್. ನೂರು ಮನೆಗೆ ಲಾರ್ವಾ ಇದ್ದ ಪಾತ್ರೆ ಎಷ್ಟು ಅನ್ನುವುದು ಬ್ರೆಟೊ ಇಂಡೆಕ್ಸ್. ಬೀಗ ಹಾಕಿದ ಮನೆಯನ್ನು 'ನೋಡಿದ ಮನೆ'ಗೆ ಸೇರಿಸಬೇಡಿ, ಬೇರೆ ಬರೆಯಿರಿ. ಸೇರಿಸಿದರೆ ಹೌಸ್ ಇಂಡೆಕ್ಸ್ ಸುಮ್ಮನೆ ಇಳಿಯುತ್ತದೆ. ಬೀಗದ ಮನೆಯ ಹಿತ್ತಲಲ್ಲೇ ಹೆಚ್ಚಾಗಿ ಟೈರು, ಮುರಿದ ಬಕೆಟ್ಟು ಬಿದ್ದಿರುತ್ತದೆ.

ಹಾಳೆಕೊಟ್ಟೆ
ಬಂದರಿನವರು ಹೇಳಿದ ಇಂಡೆಕ್ಸ್ ಪೇಟೆಗೆ ಸರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅದೇ ಹಿಡಿದರೆ ಅರ್ಧ ತಪ್ಪಿ ಹೋಗುತ್ತದೆ. ಇಲ್ಲಿ ಮನೆ ಒಂದು ಕಡೆ, ತೋಟ ಇಳಿಜಾರಿನ ಕೆಳಗೆ. ಮನೆಯಂಗಳ ಚೊಕ್ಕ ಇರುತ್ತದೆ, ಬ್ರೆಟೊ ಇಂಡೆಕ್ಸ್ ಸೊನ್ನೆ. ತೋಟದಲ್ಲಿ ಬಿದ್ದ ಅಡಕೆ ಹಾಳೆ (ಸೋಗೆಯ ಬುಡದ ಅಗಲ ಪೊರೆ) ನೋಡಿ. ಒಳಮೈ ಮೇಲೆ ಮಾಡಿ ಬಿದ್ದ ಹಾಳೆಯಲ್ಲಿ ಬುಡದ ಕಡೆ ನೀರು ನಿಲ್ಲುತ್ತದೆ, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗುತ್ತದೆ, ಈಡಿಸ್ ಅಲ್ಬೊಪಿಕ್ಟಸ್‌ಗೆ ಅದು ಹೇಳಿ ಮಾಡಿಸಿದ ಜಾಗ. ಅಡಕೆ ಗೊನೆ ಕೊಯ್ಲಿಗೆ, ಔಷಧಿ ಹೊಡೆಯಲಿಕ್ಕೆ ಬಂದವರಿಗೆ ಹಗಲಿಗೇ ಕಚ್ಚುವುದು ಅದೇ.

ಹಾಳೆಯನ್ನು ಎತ್ತಿ ಬಗ್ಗಿಸಿ ನೋಡಬೇಡಿ, ನೆರಳು ಬಿದ್ದರೂ ಲಾರ್ವಾ ಕಸದಡಿಗೆ ಇಳಿಯುತ್ತದೆ. ಎರಡೂ ತುದಿ ಹಿಡಿದು ಮೆಲ್ಲಗೆ ಬಿಳಿ ಟ್ರೇಗೆ ಸುರಿಯಿರಿ, ಒಂದೆರಡು ನಿಮಿಷ ಬಿಡಿ, ಮಣ್ಣು ತಳ ಕಂಡ ಮೇಲೆ ಪಿಪೆಟ್‌ನಿಂದ ಎತ್ತಿ. ಕಾದಿಗೆಯ (ತೋಟದ ನೀರುಗಾಲುವೆ) ನೀರು ಬೇರೆ ಲೆಕ್ಕ. ಅದರಲ್ಲಿ ಬೇರೆ ಸೊಳ್ಳೆಗಳಾದ ಅನಾಫಿಲಿಸ್, ಕ್ಯೂಲೆಕ್ಸ್ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ 350 ಮಿ.ಲೀ. ಡಿಪ್ಪರ್ (ಉದ್ದ ಹಿಡಿಯ ಸೌಟು) ಬೇಕು, ಅಂಚಿನಲ್ಲಿ ಓರೆಯಾಗಿ ಮುಳುಗಿಸಿ.

ಬೈತಖೋಲ ಬಂದರು
ತೋಟ ಸೇರಿಸಬೇಡಿ ಎಂದು ನಾನು ಹೇಳಲಿಲ್ಲ. ಆದರೆ ಹಾಳೆಯನ್ನು 'ಪಾತ್ರೆ' ಎಂದು ಎಣಿಸಿದರೆ ಒಂದು ತೋಟದಲ್ಲೇ ನೂರಾರು ಆಗಿ ಬ್ರೆಟೊ ಎಲ್ಲಿಗೋ ಹೋಗುತ್ತದೆ, ಕಾರವಾರದ ಅಂಕಿಯ ಪಕ್ಕ ಇಟ್ಟು ನೋಡಲಿಕ್ಕೆ ಬರುವುದಿಲ್ಲ.

ಹಾಳೆಕೊಟ್ಟೆ
ಹಾಗಾದರೆ ಬೇರೆ ಕಾಗದದಲ್ಲಿ ಬರೆಯಲಿ. ತೋಟದಲ್ಲಿ ಅಳತೆ ಹಾಕಿದ ಪಟ್ಟಿ, 10 ಮೀಟರ್ ಉದ್ದ 10 ಮೀಟರ್ ಅಗಲ, ಅದರಲ್ಲಿ ನೀರಿದ್ದ ಹಾಳೆ ಎಷ್ಟು, ಲಾರ್ವಾ ಇದ್ದದ್ದು ಎಷ್ಟು. ಮನೆಯ ಲೆಕ್ಕಕ್ಕೆ ಬೆರೆಸುವುದೇ ಬೇಡ.

ಮಾಡೆಲ್ ಮಾಣಿ
ತದಡಿಯವರ ಪ್ರಶ್ನೆಗೆ ಬರುತ್ತೇನೆ. ನೀವು ಬರೆದ ಕ್ರಮದಲ್ಲೇ ನನಗೆ ಅನುಮಾನ: '25 ಆರಿಸಿ, ಆಮೇಲೆ ರ‍್ಯಾಂಡಮ್ ಫಾರೆಸ್ಟ್'. ಆ 25ನ್ನು ಆರಿಸಿದ್ದು ಎಲ್ಲ ಅಣುಗಳನ್ನೂ ನೋಡಿಯಾ, ಅಥವಾ ಮಾಡೆಲ್ ತರಬೇತಿಗೆ ಬಳಸಿದ ಭಾಗವನ್ನು ಮಾತ್ರ ನೋಡಿಯಾ? ಎಲ್ಲವನ್ನೂ ನೋಡಿ ಆರಿಸಿದ್ದರೆ ಪರೀಕ್ಷೆಗೆ ಎತ್ತಿಟ್ಟ ಅಣುಗಳ ಉತ್ತರ ಆಯ್ಕೆಯಲ್ಲೇ ಸೋರಿಹೋಗಿದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. 1800 ಡಿಸ್ಕ್ರಿಪ್ಟರ್ ಇದ್ದು ಅಣು ಕೆಲವೇ ನೂರು ಇದ್ದರೆ, ಶುದ್ಧ ಆಕಸ್ಮಿಕವಾಗಿಯೇ ಹತ್ತಿಪ್ಪತ್ತು ಕಾಲಂ ಉತ್ತರಕ್ಕೆ ತಾಳೆಯಾಗುತ್ತವೆ.

ಪರೀಕ್ಷಿಸುವುದು ಸುಲಭ. ಉತ್ತರದ ಕಾಲಂ ಮಾತ್ರ ಕಲಸಿಬಿಡಿ, ಅಂದರೆ ಯಾವ ಅಣುವಿಗೆ 'ಕೆಲಸ ಮಾಡುತ್ತದೆ' ಎನ್ನುವುದನ್ನು ಅಡ್ಡಾದಿಡ್ಡಿ ಹಂಚಿ. ಆಮೇಲೆ ಪ್ರೋಗ್ರಾಂ ಅನ್ನು ಮೊದಲಿನಿಂದ, ಆಯ್ಕೆಯ ಹಂತವನ್ನೂ ಸೇರಿಸಿ, ಪೂರ್ತಿ ಓಡಿಸಿ. ಈಗಲೂ ಒಳ್ಳೆಯ ಅಂಕ ಬಂದರೆ ಸೋರಿಕೆ ಖಂಡಿತ. ಆಯ್ಕೆ ಮುಗಿದ ಮೇಲೆ ಕಲಸಿದರೆ ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ಅದನ್ನು ಮರೆಯಬೇಡಿ.

ಸರಿಯಾದ ಕ್ರಮ: ಡೇಟಾವನ್ನು ಐದು ಭಾಗ ಮಾಡಿ. ಒಂದು ಭಾಗ ಬದಿಗಿಡಿ. ಉಳಿದ ನಾಲ್ಕರಲ್ಲೇ ಒಂದೇ ಬೆಲೆ ಇರುವ ಕಾಲಂ ತೆಗೆಯಿರಿ, ಒಂದಕ್ಕೊಂದು 0.9ಕ್ಕಿಂತ ಹೆಚ್ಚು ತಾಳೆಯಾಗುವ ಜೋಡಿಯಲ್ಲಿ ಒಂದನ್ನು ಬಿಡಿ, ಕಾಲಂ ಆರಿಸುವ ಬೊರೂಟಾ ಅಥವಾ ಲಾಸೊ ವಿಧಾನ ಓಡಿಸಿ, ಮಾಡೆಲ್ ಕಟ್ಟಿ. ಆಮೇಲೆ ಬದಿಗಿಟ್ಟದ್ದನ್ನು ಹೊರತೆಗೆದು ಅಂಕ ಕೊಡಿ. ಹೀಗೆ ಐದು ಸಲ. ಪ್ರತಿ ಸಲವೂ ಆಯ್ಕೆ ಹೊಸದಾಗಿ ಆಗಬೇಕು. ಐದರಲ್ಲಿ ನಾಲ್ಕು ಸಲ ಬಂದ ಡಿಸ್ಕ್ರಿಪ್ಟರ್ ಮೇಲೆ ಮಾತ್ರ ಏನಾದರೂ ಹೇಳಿ. ಸಲಕ್ಕೊಂದು ಬೇರೆ ಬೇರೆ ಪಟ್ಟಿ ಬರುತ್ತಿದ್ದರೆ ಆ ಪಟ್ಟಿಗೆ ಬೆಲೆ ಇಲ್ಲ.

ಕದ್ರಾ ಕರೆಂಟು
ನಿಖರತೆ ಶೇಕಡಾ ಕೊಡಬೇಡಿ, ಎರಡೂ ಬಗೆಯ ತಪ್ಪನ್ನು ಲೆಕ್ಕಕ್ಕೆ ತರುವ ಮ್ಯಾಥ್ಯೂಸ್ ಕೊರಿಲೇಷನ್ ಕೊಡಿ. 100 ಅಣುವಿನಲ್ಲಿ 90 ನಿಷ್ಕ್ರಿಯ ಇದ್ದರೆ, ಎಲ್ಲವನ್ನೂ ನಿಷ್ಕ್ರಿಯ ಎಂದವನಿಗೂ ಶೇ. 90 ಬರುತ್ತದೆ.

ಮೈಲುತುತ್ತ
ಐದು ಭಾಗ ಮಾಡುವುದು ಸರಿ, ಹೇಗೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಫ್ಲೂಕೊನಝೋಲ್ (ಒಂದು ಶಿಲೀಂಧ್ರನಾಶಕ ಔಷಧ) ತರಬೇತಿಯಲ್ಲಿ, ಅದರದೇ ಅಸ್ಥಿಪಂಜರಕ್ಕೆ ಒಂದು ಫ್ಲೋರಿನ್ ಹೆಚ್ಚು ಕಮ್ಮಿ ಆದ ಅಣು ಪರೀಕ್ಷೆಯಲ್ಲಿ ಇದ್ದರೆ ಮಾಡೆಲ್ ಕಲಿಯುವುದಿಲ್ಲ, ಬಾಯಿಪಾಠ ಒಪ್ಪಿಸುತ್ತದೆ. ಆರ್‌ಡಿಕಿಟ್ ತಂತ್ರಾಂಶದಲ್ಲಿ ಮುರ್ಕೊ ಸ್ಕ್ಯಾಫೋಲ್ಡ್ (ಅಣುವಿನ ಅಸ್ಥಿಪಂಜರ) ತೆಗೆಯುವ ಸೌಲಭ್ಯ ಇದೆ. ಒಂದೇ ಸ್ಕ್ಯಾಫೋಲ್ಡಿನ ಅಣುಗಳೆಲ್ಲ ಒಂದೇ ಭಾಗಕ್ಕೆ ಹೋಗಲಿ. ಅಂಕ ಇಳಿಯುತ್ತದೆ, ಆದರೆ ಹೊಸ ಅಣುವಿನ ಬಗ್ಗೆ ನಂಬಬಹುದಾದ ಅಂಕ ಅದೇ.

ಅದಕ್ಕೂ ಮೊದಲು ಎಂಐಸಿ (ಶಿಲೀಂಧ್ರದ ಬೆಳವಣಿಗೆ ತಡೆಯಲಿಕ್ಕೆ ಬೇಕಾದ ಕನಿಷ್ಠ ಪ್ರಮಾಣ) ಹೇಗೆ ಬರೆದಿದ್ದೀರಿ? ಮೈಕ್ರೊಗ್ರಾಂನಲ್ಲೇ ಇಟ್ಟಿದ್ದರೆ ಭಾರದ ಅಣುಗಳಿಗೆ ಅನ್ಯಾಯ. ಫ್ಲೂಕೊನಝೋಲ್‌ನ ಅಣುಭಾರ 306, ಇಟ್ರಾಕೊನಝೋಲ್‌ದು 706. ಎರಡಕ್ಕೂ ಎಂಐಸಿ ಮಿ.ಲೀ.ಗೆ 0.5 ಮೈಕ್ರೊಗ್ರಾಂ ಎಂದು ಇಟ್ಟುಕೊಳ್ಳಿ. ಮೋಲಾರ್‌ಗೆ ತಿರುಗಿಸಿ ಋಣ ಲಾಗ್ ತೆಗೆದರೆ ಮೊದಲನೆಯದಕ್ಕೆ 5.79, ಎರಡನೆಯದಕ್ಕೆ 6.15. ಅಂದರೆ ಎರಡನೆಯದು ಅಣುವಿನ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಬಲ. ಇದನ್ನು ಮಾಡದಿದ್ದರೆ ನಿಮ್ಮ ಆಯ್ಕೆಯಲ್ಲಿ 'ಅಣುಭಾರ' ಕಾರಣವಿಲ್ಲದೆ ಮೇಲೆ ಬಂದು ಕೂತಿರುತ್ತದೆ.

ಇನ್ನೆರಡು ವಿಷಯ. '64ಕ್ಕಿಂತ ಹೆಚ್ಚು' ಎಂದು ಬರೆದದ್ದನ್ನು 64 ಎಂದು ಇಡಬೇಡಿ, ಸಕ್ರಿಯ/ನಿಷ್ಕ್ರಿಯ ಎಂದು ವಿಂಗಡಿಸುವುದಾದರೆ ನಿಷ್ಕ್ರಿಯಕ್ಕೆ ಹಾಕಿ. ಫ್ಲೂಕೊನಝೋಲ್‌ನಂಥ ಆಝೋಲ್‌ಗಳು ಕ್ಯಾಂಡಿಡಾವನ್ನು ಪೂರ್ತಿ ನಿಲ್ಲಿಸುವುದಿಲ್ಲ, ಪರೀಕ್ಷಾ ತಟ್ಟೆಯ ಕುಳಿಯಲ್ಲಿ ತೆಳ್ಳಗೆ ಮಬ್ಬು ಉಳಿಯುತ್ತದೆ. ಅದಕ್ಕೇ ಬೆಳವಣಿಗೆ ಅರ್ಧಕ್ಕೆ ಇಳಿದದ್ದನ್ನು ಎಂಐಸಿ ಎಂದು ಓದುವುದು. 24 ಗಂಟೆಗೆ ಓದಿದ ಅಂಕಿ, 48 ಗಂಟೆಗೆ ಓದಿದ ಅಂಕಿ ಎರಡನ್ನೂ ಒಂದೇ ಕಾಲಂಗೆ ತುಂಬಿದರೆ ಯಾವ ಡಿಸ್ಕ್ರಿಪ್ಟರ್ ಆರಿಸಿಯೂ ಪ್ರಯೋಜನ ಇಲ್ಲ. ಮತ್ತೆ ಲವಣರೂಪ, ಮೂಲರೂಪ ಎರಡೂ ಪಟ್ಟಿಯಲ್ಲಿ ಇರುತ್ತವೆ. ಲವಣದ ಭಾಗ ಕಳಚಿ ಇಂಚಿಕೀ (ಅಣುವಿನ ಗುರುತು ಸಂಕೇತ) ಹೋಲಿಸಿ ನಕಲು ತೆಗೆಯಿರಿ.

ತದಡಿ ತೀರ
ಮೊದಲ ಗುಂಪಿನವರಿಗೆ ಇಷ್ಟನ್ನೂ ತೋರಿಸಿದೆ. ಅವರು ಎಲ್ಲ ಅಣು ನೋಡಿಯೇ ಆರಿಸಿದ್ದು. ಈಗ ಮತ್ತೆ ಓಡಿಸುತ್ತಿದ್ದಾರೆ. ಸೊಳ್ಳೆ ಕಡೆ, ಸುಮ್ಮನೆ ಒಂದು ಸಲ ಓಡಿಸಿ ನೋಡಿದ್ದಕ್ಕೆ 'ಟೆಮಿಫಾಸ್ (ಲಾರ್ವಾ ಕೊಲ್ಲುವ ಔಷಧ) ಹಾಕಿದೆ' ಅನ್ನುವ ಕಾಲಂ ಎಲ್ಲಕ್ಕಿಂತ ಮೇಲೆ ಬಂತು. ಔಷಧ ಹಾಕಿದ ಮನೆಯಲ್ಲೇ ಲಾರ್ವಾ ಹೆಚ್ಚು! ಔಷಧ ಕೆಲಸ ಮಾಡುತ್ತಿಲ್ಲ ಎಂದು ಅರ್ಥವಾ?

ಗೋಕರ್ಣದ ಗಾಳಿ
ಡೋಸ್ ಕಡಿಮೆ ಬಿದ್ದಿರಬೇಕು. ಶೇ. 1ರ ಹರಳಾದರೆ 10 ಲೀಟರಿಗೆ 1 ಗ್ರಾಂ, ಲೀಟರಿಗೆ 1 ಮಿಲಿಗ್ರಾಂ ಬೀಳಬೇಕು. ಕಣ್ಣಳತೆಯಲ್ಲಿ ಚಿಟಿಕೆ ಹಾಕಿದರೆ 200 ಲೀಟರ್ ಡ್ರಮ್ಮಿಗೆ ಸಾಲುವುದಿಲ್ಲ, ಅದಕ್ಕೆ 20 ಗ್ರಾಂ ಬೇಕು.

ಬೈತಖೋಲ ಬಂದರು
ಡೋಸಿನ ಲೆಕ್ಕ ಸರಿ, ಕಾರಣ ಅದಲ್ಲ. ಕಾರ್ಯಕರ್ತೆಯರು ಮನೆಗೆ ಹೋಗಿ ಲಾರ್ವಾ ಕಂಡರೆ ಅಲ್ಲೇ ಹರಳು ಹಾಕಿ, ಫಾರ್ಮಿನಲ್ಲಿ 'ಹಾಕಿದೆ' ಎಂದು ಗುರುತು ಮಾಡುತ್ತಾರೆ. ಲಾರ್ವಾ ಕಂಡದ್ದಕ್ಕೆ ಔಷಧ, ಔಷಧ ಹಾಕಿದ್ದಕ್ಕೆ ಲಾರ್ವಾ ಅಲ್ಲ. ಆ ಕಾಲಂ ಎರಡು ಮಾಡಿ: 'ನಾವು ಬರುವ ಮೊದಲು ಹಾಕಿತ್ತಾ, ಯಾವ ತಾರೀಖು' ಒಂದು, 'ಇವತ್ತು ಹಾಕಿದೆವಾ' ಇನ್ನೊಂದು. ಎರಡನೆಯದನ್ನು ಲೆಕ್ಕಕ್ಕೆ ತರಲೇಬೇಡಿ.

ಮಾಡೆಲ್ ಮಾಣಿ
ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಯಾವುದೇ ಕಾಲಂ ಅತಿ ಚೆನ್ನಾಗಿ ಕೆಲಸ ಮಾಡಿದರೆ ಮೊದಲು ಕೇಳಬೇಕಾದದ್ದು: ಇದನ್ನು ತುಂಬಿದ್ದು ಲಾರ್ವಾ ನೋಡುವ ಮೊದಲೋ, ನೋಡಿದ ಮೇಲೋ? 'ಪರೀಕ್ಷಿಸಿದ ಪಾತ್ರೆಗಳ ಸಂಖ್ಯೆ' ಕೂಡ ಹಾಗೇ. ಲಾರ್ವಾ ಸಿಕ್ಕ ಮನೆಯಲ್ಲಿ ಹುಮ್ಮಸ್ಸಿನಿಂದ ಮೂಲೆ ಮೂಲೆ ಹುಡುಕುತ್ತಾರೆ. ಎಣಿಕೆ ಮುಗಿಸಿ ಆಮೇಲೆ ಲಾರ್ವಾ ನೋಡಿ, ಇಲ್ಲವಾದರೆ ಪ್ರತಿ ಮನೆಗೂ ಇಷ್ಟೇ ನಿಮಿಷ ಎಂದು ಕಟ್ಟುಮಾಡಿ.

ಅಣುವಿನಲ್ಲಿ ಸ್ಕ್ಯಾಫೋಲ್ಡ್ ಹೇಗೋ ಇಲ್ಲಿ ಊರು ಹಾಗೆ. ಒಂದೇ ಕೇರಿಯ ಮನೆಗಳಿಗೆ ನಲ್ಲಿ ನೀರು ಬರುವ ದಿನ ಒಂದೇ, ಹಾರುವ ಸೊಳ್ಳೆಯೂ ಒಂದೇ. ಈಡಿಸ್ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೇ ಇರುತ್ತದೆ. ಭಾಗ ಮಾಡುವಾಗ ಇಡೀ ಊರನ್ನೇ ಒಂದು ಭಾಗಕ್ಕೆ ಹಾಕಿ. ಶಿರಸಿ ಊರುಗಳಿಂದ ಕಲಿತ ಮಾಡೆಲ್ ಕಾರವಾರದಲ್ಲಿ ಸೋತರೆ, ಸೋಲಲಿ. ಮಲೆನಾಡಿಗೆ, ಕರಾವಳಿಗೆ ಬೇರೆ ಬೇರೆ ಪಟ್ಟಿ ಬೇಕು ಎಂದು ಅದರಿಂದಲೇ ತಿಳಿಯುವುದು.

ಸೊಪ್ಪಿನಬೆಟ್ಟ
ಸ್ವಲ್ಪ ಬೇರೆ ಮಾತು. ಶಿಲೀಂಧ್ರದ ಗುಂಪು ಇಷ್ಟೆಲ್ಲ ಮಾಡುತ್ತಿದೆ, ಅಡಕೆಯ ಕೊಳೆರೋಗಕ್ಕೆ ಏನಾದರೂ ಸಿಗಬಹುದಾ ಅದರಲ್ಲಿ?

ಮೈಲುತುತ್ತ
ಸಿಗುವುದು ಕಷ್ಟ ಅಣ್ಣಾ. ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಊಮೈಸೀಟ್ ಎಂಬ ಬೇರೆ ಗುಂಪಿನ ಜೀವಿ. ಅದರ ಕೋಶಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಕೈಟಿನ್ ಅಲ್ಲ, ಗ್ಲೂಕನ್ ಮತ್ತು ಸೆಲ್ಯುಲೋಸ್. ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲನ್ನು ಅದು ತಯಾರಿಸುವುದೇ ಇಲ್ಲ. ಆಝೋಲ್‌ಗಳು ಹೊಡೆಯುವುದು ಎರ್ಗೋಸ್ಟೆರಾಲ್ ತಯಾರಿಯ ದಾರಿಯನ್ನು. ಇಲ್ಲದ ದಾರಿಗೆ ಅಡ್ಡ ಕಲ್ಲು ಹಾಕಿ ಫಲ ಇಲ್ಲ. ಕ್ಯಾಂಡಿಡಾ ಡೇಟಾದಲ್ಲಿ ಆರಿಸಿದ ಡಿಸ್ಕ್ರಿಪ್ಟರ್ ಅಲ್ಲಿಗೆ ಹೋಗುವುದಿಲ್ಲ. ಎಲೆಚುಕ್ಕಿಯ ಕೊಲೆಟೊಟ್ರೈಕಮ್ ನಿಜವಾದ ಶಿಲೀಂಧ್ರ, ಅದಕ್ಕೇ ಅಲ್ಲಿ ಪ್ರೊಪಿಕೊನಝೋಲ್ ಹೇಳುವುದು.

ಕೊಳೆಗೆ ಈಗಲೂ ಶೇ. 1ರ ಬೋರ್ಡೋ ದ್ರಾವಣ. 50 ಲೀಟರಿಗೆ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿಗೆ 1 ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಿ. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ಅಡಕೆ ಗೊನೆಗೆ ಅಂಟುವುದಿಲ್ಲ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು.

ಹಾಳೆಕೊಟ್ಟೆ
ಬೋರ್ಡೋ ಕಲಸಿದ ಡ್ರಮ್ಮು ಔಷಧಿ ಹೊಡೆದ ಮೇಲೆ ತೋಟದಲ್ಲೇ ಉಳಿಯುತ್ತದೆ, ಮತ್ತೊಂದು ಸುತ್ತು 40-45 ದಿನ ಬಿಟ್ಟು. ನಡುವೆ ಮಳೆನೀರು ತುಂಬಿ ತುಳುಕಿ ಔಷಧಿ ತೊಳೆದು ಹೋಗಿರುತ್ತದೆ. ಮೊಟ್ಟೆಯಿಂದ ಸೊಳ್ಳೆ ಏಳಲಿಕ್ಕೆ ವಾರದಿಂದ ಹತ್ತು ದಿನ ಸಾಕು. ಕವುಚಿ ಹಾಕಿ. ಸರ್ವೆಯವರು 'ತೋಟದ ಡ್ರಮ್ಮು' ಎಂದು ಬೇರೆ ಕಾಲಂ ಇಡಿ.

ಅಂಕೋಲೆ ಅಕ್ಕ
ಸಿದ್ದಾಪುರ ಕಡೆ ಮಂಗನ ಕಾಯಿಲೆಯ ಭಯ ಇದೆಯಲ್ಲ, ಸೊಳ್ಳೆಗೆ ಇಡುವ ಬಲೆಯಲ್ಲೇ ಅದರ ಸರ್ವೆಯೂ ಆಗುತ್ತದಾ?

ಬೈತಖೋಲ ಬಂದರು
ಇಲ್ಲ ಅಕ್ಕಾ, ಅದು ಸೊಳ್ಳೆಯಿಂದ ಬರುವುದಲ್ಲ, ಉಣುಗಿನಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಅದಕ್ಕೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು, ಅಂಟಿದ ಉಣುಗನ್ನು ಚಿಮಟದಿಂದ ಎತ್ತುತ್ತಾರೆ. ಕಾಲವೂ ಬೇರೆ, ಚಳಿಗಾಲದಿಂದ ಬೇಸಿಗೆಯವರೆಗೆ. ಮಳೆಗಾಲದ ಈಡಿಸ್ ಫಾರ್ಮಿಗೆ ಅದನ್ನು ಬೆರೆಸಬೇಡಿ.

ಗೋಕರ್ಣದ ಗಾಳಿ
ಗಜನಿ ಅಂಚಿನ ಊರು ಯಾಕೆ ಆರಿಸಿದ್ದೀರಿ? ಕಗ್ಗ ಭತ್ತ ಬೆಳೆಯುವ ಉಪ್ಪು ನೀರಲ್ಲಿ ಈಡಿಸ್ ಎಲ್ಲಿಂದ ಬರಬೇಕು. ಆ ಊರುಗಳನ್ನು ಬಿಟ್ಟರೆ ಕೆಲಸ ಹಗುರ.

ಕದ್ರಾ ಕರೆಂಟು
ಬಿಡಬೇಡಿ. ಶ್ರೀಲಂಕಾದ ಜಾಫ್ನಾ ಕಡೆ ಸವುಳು ನೀರಿನಲ್ಲೂ ಈಡಿಸ್ ಲಾರ್ವಾ ಸಿಕ್ಕಿದೆ. ಗಜನಿಯ ಬಯಲಿನಲ್ಲಿ ಸಿಗಲಿಕ್ಕಿಲ್ಲ, ಆದರೆ ಅಂಚಿನ ಮನೆಯಲ್ಲಿ ಬಾವಿ ಉಪ್ಪಾಗುವ ಕಾರಣಕ್ಕೇ ಜನ ಸಿಹಿ ನೀರನ್ನು ಡ್ರಮ್ಮಿನಲ್ಲಿ ದಿನಗಟ್ಟಲೆ ಹಿಡಿದಿಡುತ್ತಾರೆ. ಬಾವಿ ಉಪ್ಪಾ ಅನ್ನುವ ಒಂದು ಪ್ರಶ್ನೆ ಇಡಿ. ಗದ್ದೆಯಲ್ಲಿ ಸಿಗುವ ಕ್ಯೂಲೆಕ್ಸ್‌ಗಳಲ್ಲಿ ಮೆದುಳುಜ್ವರ ಹರಡುವ ಜಾತಿಗಳೂ ಇವೆ, ಅದು ಬೇರೆ ಸರ್ವೆ.

ಬೈತಖೋಲ ಬಂದರು
ಬಂದರಿನ ವಿಷಯ ಯಾರೂ ಎತ್ತಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ನಿಂತಿರುತ್ತವೆ. ಬದಿಗೆ ಕಟ್ಟಿದ ಟೈರುಗಳ ಕೆಳಗಿನ ಅರ್ಧದಲ್ಲಿ ಮಳೆನೀರು, ತಾಡಪತ್ರಿಯ ಮಡಿಕೆಯಲ್ಲಿ ನೀರು, ಮೀನಿನ ಪೆಟ್ಟಿಗೆಯಲ್ಲಿ ನೀರು. ಮನೆ ಮನೆ ಸರ್ವೆಯಲ್ಲಿ ಇದು ಯಾವ ಮನೆಗೂ ಸೇರುವುದಿಲ್ಲ. ಬೋಟನ್ನೇ ಒಂದು ಘಟಕ ಮಾಡಿ. ಟೈರಿನೊಳಗೆ ಡಿಪ್ಪರ್ ಹೋಗುವುದಿಲ್ಲ, ಕೋಳಿಗೆ ಮಸಾಲೆ ಬಳಿಯಲಿಕ್ಕೆ ಬಳಸುವ ರಬ್ಬರ್ ಬುರುಡೆಯ ಪಿಚಕಾರಿ ಅಥವಾ ತೆಳ್ಳನೆ ಪೈಪಿನಿಂದ ಎಳೆಯಿರಿ.

ತದಡಿ ತೀರ
ಓವಿಟ್ರಾಪ್ (ಸೊಳ್ಳೆ ಮೊಟ್ಟೆ ಹಿಡಿಯುವ ಡಬ್ಬ) ಇಡಬೇಕೆಂದು ಮೇಡಂ ಹೇಳಿದ್ದಾರೆ. ಮಳೆಯಲ್ಲಿ ಎಂತ ಎಚ್ಚರ ಬೇಕು?

ಹಾಳೆಕೊಟ್ಟೆ
ಅರ್ಧ ಅಥವಾ ಒಂದು ಲೀಟರಿನ ಕಪ್ಪು ಡಬ್ಬ. ಮೂರನೇ ಎರಡು ಎತ್ತರಕ್ಕೆ ಒಂದು ತೂತು ಕೊರೆಯಿರಿ, ನಮ್ಮ ಮಳೆಗೆ ಇದು ಇಲ್ಲದಿದ್ದರೆ ತುಳುಕಿ, ಮೊಟ್ಟೆ ಹಿಡಿಯಲಿಕ್ಕೆ ಒಳಗಿಟ್ಟ ಪಟ್ಟಿ ಪೂರ್ತಿ ಮುಳುಗುತ್ತದೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲೆ ಅಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಒದ್ದೆ ಗೋಡೆಗೆ. ಹಾರ್ಡ್‌ಬೋರ್ಡ್ ಪಟ್ಟಿಯ ಒರಟು ಮೈ ಒಳಕ್ಕೆ ತಿರುಗಿರಲಿ. ಒಣಹುಲ್ಲು ನೆನೆಸಿದ ನೀರು ಸ್ವಲ್ಪ ಬೆರೆಸಿ. ನೆರಳಿನಲ್ಲಿ, ನೆಲಕ್ಕೆ ಹತ್ತಿರ ಇಡಿ. ಇರುವೆ ಮೊಟ್ಟೆ ಹೊತ್ತೊಯ್ಯುತ್ತದೆ, ಡಬ್ಬದ ಹೊರಗೆ ಗ್ರೀಸ್ ಬಳಿಯಿರಿ. ಏಳನೇ ದಿನ ತೆಗೆಯಲೇಬೇಕು. ಹತ್ತು ದಿನ ಬಿಟ್ಟರೆ ನೀವೇ ಸೊಳ್ಳೆ ಸಾಕಿದ ಹಾಗೆ ಆಗುತ್ತದೆ, ಇದು ತಮಾಷೆಯ ಮಾತಲ್ಲ.

ಮಾಡೆಲ್ ಮಾಣಿ
ಮಳೆಯ ಕಾಲಂ ಬಗ್ಗೆ ಒಂದು ಮಾತು. ತಿಂಗಳ ಒಟ್ಟು ಮಿಲಿಮೀಟರ್ ಹಾಕಬೇಡಿ. ಜುಲೈನಲ್ಲಿ ಎಡೆಬಿಡದೆ ಹೊಯ್ದರೆ ಹಾಳೆ, ಡಬ್ಬ ಎಲ್ಲ ತುಳುಕಿ ಲಾರ್ವಾ ಕೊಚ್ಚಿ ಹೋಗುತ್ತವೆ. ಮಳೆ ಬಿಟ್ಟು ಬಿಟ್ಟು ಬಂದಾಗಲೇ ಸೊಳ್ಳೆ ಏಳುವುದು. ಹಿಂದಿನ ಎರಡರಿಂದ ನಾಲ್ಕು ವಾರದಲ್ಲಿ ಮಳೆ ಬಂದ ದಿನ ಎಷ್ಟು, ಸತತ ಒಣ ದಿನ ಎಷ್ಟು, ಇವೆರಡನ್ನು ಮಾಡಿಕೊಳ್ಳಿ.

38ರ ಪ್ರಶ್ನೆಗೆ ನೇರ ಉತ್ತರ: ಒಂದು ಕಾಲಂಗೆ ಲಾರ್ವಾ ಸಿಕ್ಕ ಮನೆ ಕನಿಷ್ಠ 10 ಬೇಕು ಎಂಬ ಹಳೆಯ ಅಂದಾಜು ಇದೆ. 80 ಮನೆಯಲ್ಲಿ ಸಿಕ್ಕಿದ್ದರೆ 8 ಕಾಲಂ ಮಿತಿ. ಆದರೆ ಆ 8ನ್ನು ಪ್ರೋಗ್ರಾಂ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಅಣುವಿನ ಡಿಸ್ಕ್ರಿಪ್ಟರ್ ಲೆಕ್ಕ ಹಾಕಲಿಕ್ಕೆ ಖರ್ಚಿಲ್ಲ, ಎಷ್ಟು ಸಲ ಹಾಕಿದರೂ ಅದೇ ಅಂಕಿ. ಇಲ್ಲಿ ಪ್ರತಿ ಕಾಲಂ ಒಬ್ಬರ ಶ್ರಮ, ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಫೀಲ್ಡಿಗೆ ಹೋಗುವ ಮೊದಲೇ ಆರಿಸಿ. ಇಪ್ಪತ್ತು ಮನೆಗೆ ಇಬ್ಬರು ಬೇರೆ ಬೇರೆಯಾಗಿ ಹೋಗಿ ತುಂಬಲಿ. ಇಬ್ಬರ ಉತ್ತರ ತಾಳೆಯಾಗದ ಕಾಲಂ ಮೊದಲು ಹೋಗಲಿ.

ಕದ್ರಾ ಕರೆಂಟು
ಒಪ್ಪುವುದಿಲ್ಲ. ನಮಗೆ ಗೊತ್ತಿರುವುದನ್ನೇ ಆರಿಸಿದರೆ ಹೊಸದು ಕಾಣುವುದು ಯಾವಾಗ? ಬೋಟಿನ ಟೈರು ಯಾವ ಹಳೆಯ ಫಾರ್ಮಿನಲ್ಲಿತ್ತು?

ಮಾಡೆಲ್ ಮಾಣಿ
ಟೈರು ಕಂಡದ್ದು ಬಂದರಿನಲ್ಲಿ ಓಡಾಡುವವರ ಕಣ್ಣಿಗೆ, ಲಾಸೊಗೆ ಅಲ್ಲ. ಫಾರ್ಮಿನ ಕೊನೆಗೆ 'ಇತರೆ' ಎಂದು ದೊಡ್ಡ ಖಾಲಿ ಜಾಗ ಬಿಡಿ, ಅಲ್ಲಿ ಬಂದದ್ದು ಮುಂದಿನ ವರ್ಷ ಕಾಲಂ ಆಗಲಿ.

ಕದ್ರಾ ಕರೆಂಟು
ಅಷ್ಟಾದರೆ ಸರಿ.

ತದಡಿ ತೀರ
ಕಡೆಯದಾಗಿ, ಲಾರ್ವಾ ಈಡಿಸ್ ಹೌದಾ ಎಂದು ಅಲ್ಲೇ ಹೇಳುವುದು ಹೇಗೆ, ಲ್ಯಾಬಿಗೆ ತರುವುದು ಹೇಗೆ?

ಬೈತಖೋಲ ಬಂದರು
ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅನಾಫಿಲಿಸ್, ಅದಕ್ಕೆ ಉಸಿರುನಳಿಕೆ ಇಲ್ಲ. ಉದ್ದ ತೆಳು ನಳಿಕೆಯಲ್ಲಿ ಓರೆಯಾಗಿ ತೂಗುತ್ತಿದ್ದರೆ ಕ್ಯೂಲೆಕ್ಸ್. ಗಿಡ್ಡ ದಪ್ಪ ನಳಿಕೆ, ಹೆಚ್ಚುಕಡಿಮೆ ನೆಟ್ಟಗೆ ತೂಗಿದರೆ ಈಡಿಸ್. ಈಡಿಸ್ ಜಾತಿ ಈಜಿಪ್ಟಿಯೋ ಅಲ್ಬೊಪಿಕ್ಟಸ್ಸೋ ಎನ್ನಲಿಕ್ಕೆ ನಾಲ್ಕನೇ ಹಂತದ ಲಾರ್ವಾ, ಮೈಕ್ರೊಸ್ಕೋಪು ಬೇಕು: ಎಂಟನೇ ಖಂಡದ ಬಾಚಣಿಗೆ ಮುಳ್ಳಿಗೆ ಪಕ್ಕದಲ್ಲೂ ಗಟ್ಟಿ ಕವಲು ಇದ್ದರೆ ಈಜಿಪ್ಟಿ, ಬರಿಯ ಒಂಟಿ ಮುಳ್ಳಾದರೆ ಅಲ್ಬೊಪಿಕ್ಟಸ್. ಅರ್ಧದಷ್ಟನ್ನು ಜೀವಂತ ತಂದು ಬೆಳೆಸಿ. ಸೊಳ್ಳೆಯಾದ ಮೇಲೆ ಬೆನ್ನ ಮೇಲೆ ವೀಣೆಯಂತೆ ಬಾಗಿದ ಬಿಳಿ ಗೆರೆ ಈಜಿಪ್ಟಿಗೆ, ನಡುವೆ ಒಂದೇ ನೇರ ಬೆಳ್ಳಿ ಗೆರೆ ಅಲ್ಬೊಪಿಕ್ಟಸ್‌ಗೆ. ಉಳಿದರ್ಧ ಶೇ. 70-80ರ ಆಲ್ಕೊಹಾಲಿಗೆ.

ಲೇಬಲ್ ಬಾಟಲಿಯ ಒಳಗೇ ಇರಲಿ, ಪೆನ್ಸಿಲಿನಲ್ಲಿ ಬರೆದು. ಬಾಲ್ ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಸಂಜೆಯೊಳಗೆ ಊರಿನ ಹೆಸರೇ ಇರುವುದಿಲ್ಲ.